ಯಾವ ಉಪಗ್ರಹ ಎಂಬುದು ಮೊದಲು, ಯಾವ ಪೆಟ್ಟಿಗೆ ಎಂಬುದು ಆಮೇಲೆ

ಜರ್ಮನಿಯ ಮ್ಯೂನಿಕ್ ನಗರದಿಂದ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಪತಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಉದ್ಯಮವೊಂದರಲ್ಲಿ ಎಂಜಿನಿಯರರು. ಎರಡು ವರ್ಷ ಮ್ಯೂನಿಕ್, ಬಳಿಕ ಫ್ರಾನ್ಸಿನ ತುಲೂಸ್, ಅನಂತರ ಇಟಲಿಯ ಟ್ಯೂರಿನ್ ಎಂದು ಅವರ ಕಾಯಕದ ದಾರಿ ಈಗಲೇ ಗೊತ್ತಾಗಿದೆ. ಎಂಟು ವರ್ಷದ ಮಗಳು ಶಾಲೆಯಲ್ಲಿ ಮಾತು ತಿಳಿಯದೆ ಮಧ್ಯಾಹ್ನ ಅಳುತ್ತ ಮನೆಗೆ ಬರುತ್ತಾಳೆ. ಹುಬ್ಬಳ್ಳಿಯಿಂದ ಹೋಗಿರುವ ಅತ್ತೆಯವರು ಬೆಳಗಿನ ಲಿಂಗಪೂಜೆ ಮುಗಿಸಿದ ಮೇಲೆ ಸಂಜೆಯ ತನಕ ಕಿಟಕಿಯ ಬಳಿ ಸುಮ್ಮನೆ ಕುಳಿತಿರುತ್ತಾರೆ. ಅವರು ಹೊರಡುವಾಗ ಮನೆಯ ಸೆಟ್-ಟಾಪ್ ಬಾಕ್ಸನ್ನೇ ಹಳೆಯ ಸೀರೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಹೋದರಂತೆ. ಅದು ಅಲ್ಲಿ ಒಂದು ಚಿತ್ರವನ್ನೂ ತೋರಿಸಲಿಲ್ಲ. ಅಂಗಡಿಯವರು ಮೂರು ಬಗೆಯ ರಿಸೀವರುಗಳನ್ನು ಮುಂದಿಟ್ಟಿದ್ದಾರೆ. ಮೂರು ದೇಶಗಳಲ್ಲಿಯೂ ನಡೆಯುವ ಪೆಟ್ಟಿಗೆ ಯಾವುದು, ಯಾವುದನ್ನು ಕೊಳ್ಳಲಿ ಎಂಬುದು ಸೋದರಿಯ ಪ್ರಶ್ನೆ.

ಮಠದ ಪ್ರಸಾದವನ್ನುಂಡು ವ್ಯಾಕರಣ, ಶಾಸ್ತ್ರಗಳನ್ನು ಓದಿದ ನಮ್ಮನ್ನು ಕೇಳುವ ಪ್ರಶ್ನೆಯೇ ಇದು ಎಂದು ವಾಚಕರು ನಗಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ, ನಮಗೆ ಗಣಿತವನ್ನು ಕಲಿಸಿದ ಹಿರಿಯ ಶಾಸ್ತ್ರಿಗಳು ನೆನಪಾದರು. ಊರಿನ ಅಕ್ಷಾಂಶ, ರೇಖಾಂಶಗಳಿಂದ ಆಕಾಶದ ಬಿಂದುವೊಂದರ ಎತ್ತರವನ್ನು ಕಂಡುಹಿಡಿಯುವ ಬಗೆಯನ್ನು ಅವರು ಮಠದ ಅಂಗಳದಲ್ಲಿ ಕೋಲು ನೆಟ್ಟು ತೋರಿಸಿಕೊಟ್ಟಿದ್ದರು. ಶರಣರು ಮುಹೂರ್ತವನ್ನು ಒಪ್ಪಲಿಲ್ಲವೇ ಹೊರತು ಗಣಿತವನ್ನು ಬೇಡವೆಂದಿರಲಿಲ್ಲ ಎಂದು ಅವರು ವಾದಿಸುತ್ತಿದ್ದರು. ಸೋದರಿಯ ಪ್ರಶ್ನೆಗೆ ಅರ್ಧ ಉತ್ತರ ಆ ಗಣಿತದಲ್ಲಿಯೇ ಇದೆ. ಉಳಿದರ್ಧವನ್ನು ಡಿಶ್ ಕೂರಿಸುವ ಕಾಯಕದವರನ್ನು ಕೇಳಿ, ಓದಿ ತಿಳಿದುಕೊಂಡೆವು.

ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯು ತನ್ನ ಸುತ್ತ ತಿರುಗುವಷ್ಟೇ ಕಾಲದಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಆದುದರಿಂದ ನೆಲದಲ್ಲಿ ನಿಂತವರಿಗೆ ಅದು ಆಕಾಶದಲ್ಲಿ ನಿಂತಲ್ಲಿಯೇ ನಿಂತಂತೆ ತೋರುತ್ತದೆ. ಈ ಕಕ್ಷೆಯಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿಯೇ ಬರೆದಿದ್ದರು. ಯಾವ ರೇಖಾಂಶದ ಮೇಲೆ ನಿಂತಿದೆಯೋ ಆ ಸಂಖ್ಯೆಯೇ ಉಪಗ್ರಹದ ವಿಳಾಸ. ಯುರೋಪಿನಲ್ಲಿ ಬಹು ಜನ ಬಲ್ಲ ವಿಳಾಸ ಪೂರ್ವಕ್ಕೆ 19.2 ಡಿಗ್ರಿ, ಅದು ಲಕ್ಸೆಂಬರ್ಗ್ ದೇಶದ ಸಂಸ್ಥೆಯೊಂದರ ಅಸ್ಟ್ರಾ ಉಪಗ್ರಹಗಳ ತಾಣ. ಮೊದಲನೆಯ ಅಸ್ಟ್ರಾ 1988ರ ಡಿಸೆಂಬರಿನಲ್ಲಿ ಮೇಲೇರಿತು. ಎರಡನೆಯ ಮುಖ್ಯ ತಾಣ ಪೂರ್ವಕ್ಕೆ 13 ಡಿಗ್ರಿಯಲ್ಲಿರುವ ಹಾಟ್ ಬರ್ಡ್. ಇದು ಪ್ಯಾರಿಸ್ಸಿನ ಯೂಟೆಲ್‌ಸ್ಯಾಟ್ ಸಂಸ್ಥೆಯದು.

ಅತ್ತೆಯವರು ಒಯ್ದ ಬಾಕ್ಸು ಏಕೆ ನಡೆಯಲಿಲ್ಲವೆಂಬುದು ಈಗ ತಿಳಿಯುತ್ತದೆ. ನಮ್ಮ ದೇಶದ ಮನೆಗಳಿಗೆ ಪ್ರಸಾರ ಮಾಡುವ ಉಪಗ್ರಹಗಳಲ್ಲಿ ಕೆಲವು 83 ಡಿಗ್ರಿಯಲ್ಲಿ, ಕೆಲವು 93.5 ಡಿಗ್ರಿಯಲ್ಲಿ ನಿಂತಿವೆ. ಹುಬ್ಬಳ್ಳಿಯಿಂದ ನೋಡಿದರೆ ಅವು 60ರಿಂದ 70 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಕಡೆಗಿವೆ. ಮ್ಯೂನಿಕ್ಕಿನಿಂದ ನೋಡಿದರೆ ಮೊದಲನೆಯದು ಕ್ಷಿತಿಜದಿಂದ ನಾಲ್ಕು ಡಿಗ್ರಿಯೂ ಮೇಲೇಳದು. ಎರಡನೆಯದು ಕ್ಷಿತಿಜದ ಕೆಳಗೇ ಇದೆ. ಅಲ್ಲದೆ ಅವುಗಳ ಕಿರಣವನ್ನು ಭಾರತದ ನೆಲದ ಮೇಲೆ ಬೀಳುವಂತೆ ತಿರುಗಿಸಲಾಗಿದೆ. ಬಾಕ್ಸಿನಲ್ಲಿ ದೋಷವಿಲ್ಲ, ಒಯ್ದವರಲ್ಲಿಯೂ ಇಲ್ಲ. ಅದನ್ನು ಯಾರಾದರೂ ಊರಿಗೆ ಬರುವಾಗ ಹಿಂದಕ್ಕೆ ಕಳುಹಿಸಿದರೆ ಹುಬ್ಬಳ್ಳಿಯ ಮನೆಯಲ್ಲಿ ಎಂದಿನಂತೆ ನಡೆಯುತ್ತದೆ.

ಸೋದರಿಯ ಮೂರು ಊರುಗಳಿಗೆ ನಾವು ಲೆಕ್ಕ ಹಾಕಿ ನೋಡಿದೆವು. 19.2 ಮತ್ತು 13 ಡಿಗ್ರಿಯ ಎರಡು ತಾಣಗಳೂ ಮೂರು ಊರುಗಳಲ್ಲಿಯೂ 34ರಿಂದ 39 ಡಿಗ್ರಿ ಎತ್ತರದೊಳಗೇ ಬರುತ್ತವೆ. ಅಸ್ಟ್ರಾದ ದಿಕ್ಕು ಮ್ಯೂನಿಕ್ಕಿನಲ್ಲಿ ದಕ್ಷಿಣದಿಂದ ಹತ್ತು ಡಿಗ್ರಿ ಪೂರ್ವಕ್ಕಿದ್ದರೆ ತುಲೂಸಿನಲ್ಲಿ ಇಪ್ಪತ್ತೈದು ಡಿಗ್ರಿ ಪೂರ್ವಕ್ಕೆ ಸರಿಯುತ್ತದೆ. ವ್ಯತ್ಯಾಸ ಇಷ್ಟೇ. ಆದುದರಿಂದ ಬಾಡಿಗೆ ಮನೆ ಹುಡುಕುವಾಗ ದಕ್ಷಿಣಕ್ಕೆ ತೆರೆದ ಬಾಲ್ಕನಿ ಇದೆಯೇ ಎಂಬುದನ್ನು ನೋಡತಕ್ಕದ್ದು. ಎದುರಿನ ಕಟ್ಟಡ ನಿಮ್ಮ ಡಿಶ್ಶಿಗಿಂತ ಹತ್ತು ಮೀಟರ್ ಎತ್ತರವಿದ್ದರೆ ಅದು ಕನಿಷ್ಠ ಹದಿನೈದು ಮೀಟರ್ ದೂರದಲ್ಲಿರಬೇಕು. ಚಳಿಗಾಲದಲ್ಲಿ ಎಲೆ ಉದುರಿದ ಮರದ ನಡುವೆ ಬಂದ ಚಿತ್ರ ಬೇಸಗೆಯಲ್ಲಿ ಚಿಗುರಿದ ಮೇಲೆ ನಿಂತುಹೋಗುವುದೂ ಉಂಟು.

ಇನ್ನು ಯಾವ ದೇಶದ ಮಾತು ಯಾವ ವಿಳಾಸದಿಂದ ಬರುತ್ತದೆ ಎಂಬುದು. ಜರ್ಮನಿಯ ಸಾರ್ವಜನಿಕ ವಾಹಿನಿಗಳಾದ ಎ.ಆರ್.ಡಿ., ಜೆಡ್.ಡಿ.ಎಫ್. ಮತ್ತು ಅವುಗಳ ಬಳಗದವು 19.2 ಡಿಗ್ರಿಯಿಂದ ಬೀಗವಿಲ್ಲದೆ ಬರುತ್ತವೆ. ಕಾರ್ಡು ಬೇಡ, ಚಂದಾ ಬೇಡ. ಮನೆಯೊಂದಕ್ಕೆ ಇಷ್ಟೆಂದು ಅಲ್ಲಿ ಕೊಡಬೇಕಾದ ಪ್ರಸಾರ ಶುಲ್ಕ ಬೇರೆ ವಿಷಯ. ಡಿಶ್ ಇರಲಿ ಇಲ್ಲದಿರಲಿ ಅದನ್ನು ಕೊಡಲೇಬೇಕು. ಫ್ರಾನ್ಸಿನ ಉಚಿತ ವಾಹಿನಿಗಳು ಎರಡು ಕಡೆಯಿಂದ ಬರುತ್ತವೆ: ತೆ-ಎನ್-ತೆ-ಸಾಟ್ ಎಂಬ ವ್ಯವಸ್ಥೆ ಇದೇ 19.2 ಡಿಗ್ರಿಯಿಂದ, ಫ್ರಾನ್‌ಸಾಟ್ ಎಂಬುದು ಪಶ್ಚಿಮಕ್ಕೆ 5 ಡಿಗ್ರಿಯಿಂದ. ಎರಡಕ್ಕೂ ಮಾಸಿಕ ಚಂದಾ ಇಲ್ಲ, ಆದರೆ ಕಾರ್ಡು ಬೇಕು. ಇಟಲಿಯ ತಿವೂಸಾಟ್ ಹಾಟ್ ಬರ್ಡಿನಲ್ಲಿದೆ. ಅದಕ್ಕೂ ಚಂದಾ ಇಲ್ಲ, ಕಾರ್ಡು ಬೇಕು. ಚಿತ್ರಗಳ ಹಕ್ಕನ್ನು ಒಂದು ದೇಶಕ್ಕೆಂದು ಕೊಂಡವರು ನೆರೆಯ ದೇಶಕ್ಕೆ ಅವು ಸೋರದಂತೆ ಬೀಗ ಹಾಕುತ್ತಾರೆ. ಕಾರ್ಡು ಆ ಬೀಗದ ಕೀಲಿಕೈ.

ಹೀಗಿರುವಾಗ ಸೋದರಿಯ ತೊಂದರೆ ಅವರು ಅಂದುಕೊಂಡಷ್ಟು ದೊಡ್ಡದಲ್ಲ. ಜರ್ಮನಿಗೂ ಫ್ರಾನ್ಸಿಗೂ ಒಂದೇ ತಾಣ ಸಾಲುತ್ತದೆ. ಇಟಲಿಯ ತಾಣ ಅದರಿಂದ ಕೇವಲ 6.2 ಡಿಗ್ರಿ ದೂರದಲ್ಲಿದೆ. 80 ಅಥವಾ 85 ಸೆಂಟಿಮೀಟರಿನ ಒಂದೇ ಡಿಶ್ಶಿಗೆ ಅಕ್ಕಪಕ್ಕ ಎರಡು ಎಲ್.ಎನ್.ಬಿ.ಗಳನ್ನು ಕೂರಿಸಿದರೆ ಎರಡು ತಾಣಗಳೂ ಸಿಗುತ್ತವೆ. ಅವೆರಡರಲ್ಲಿ ಬೇಕಾದುದನ್ನು ಆಯುವ ಚಿಕ್ಕ ಸ್ವಿಚ್ಚಿಗೆ ಡೈಸೆಕ್ ಎಂದು ಹೆಸರು. ಯುರೋಪಿನ ರಿಸೀವರುಗಳು ಸಾಮಾನ್ಯವಾಗಿ ಅದರ ಆಜ್ಞೆಗಳನ್ನು ಬಲ್ಲವು. ಎಲ್.ಎನ್.ಬಿ. ಕೊಳ್ಳುವಾಗ ‘ಯೂನಿವರ್ಸಲ್’ ಎಂದು ಬರೆದುದನ್ನೇ ಕೊಳ್ಳಬೇಕು, 10.7ರಿಂದ 12.75 ಗಿಗಾಹರ್ಟ್ಸ್‌ವರೆಗೆ ಹಿಡಿಯುವ ಅದು ಮೂರು ದೇಶಗಳಲ್ಲಿಯೂ ಒಂದೇ. ಊರು ಬದಲಾದಾಗ ಡಿಶ್ಶನ್ನು ಹೊಸದಾಗಿ ತಿರುಗಿಸಿ, ಎಲ್.ಎನ್.ಬಿ.ಯ ಓರೆಯನ್ನು ಸ್ವಲ್ಪ ಸರಿಪಡಿಸಿದರಾಯಿತು.

ಬ್ರಿಟನ್ನಿನ ವಾಹಿನಿಗಳೂ ಬರುವುದೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದಾರೆ. ಅವು 28.2 ಡಿಗ್ರಿಯಲ್ಲಿವೆ. ಮುಂಚೆ ಅವುಗಳ ಕಿರಣ ದಕ್ಷಿಣದವರೆಗೂ ಹರಡುತ್ತಿತ್ತು. 2014ರಲ್ಲಿ ಬಿ.ಬಿ.ಸಿ. ಮೊದಲಾದವು ಬ್ರಿಟನ್ ದ್ವೀಪಗಳನ್ನಷ್ಟೇ ಗುರಿಯಾಗಿಸಿದ ಇಕ್ಕಟ್ಟಿನ ಕಿರಣಕ್ಕೆ ಹೋದಾಗ, ಸ್ಪೇನಿನಲ್ಲಿ ನೆಲೆಸಿದ್ದ ಬ್ರಿಟಿಷ್ ನಿವೃತ್ತರಲ್ಲಿ ಬಹಳ ಮಂದಿಯ ಟಿ.ವಿ. ಒಂದೇ ದಿನದಲ್ಲಿ ಕತ್ತಲಾಯಿತು. ಅವರ ಪೆಟ್ಟಿಗೆಗಳು ಚೆನ್ನಾಗಿಯೇ ಇದ್ದವು. ಆ ವಾಹಿನಿಗಳಿಗಾಗಿ ಮ್ಯೂನಿಕ್ಕಿನಲ್ಲಿ ಹಣ ಸುರಿಯಬೇಡಿರೆಂದು ನಮ್ಮ ಸಲಹೆ.

ಈಗ ಪೆಟ್ಟಿಗೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿರುವ ಟಿ.ವಿ.ಯ ಬೆನ್ನನ್ನು ನೋಡಿ. ಯುರೋಪಿನಲ್ಲಿ ಕೊಂಡ ಟಿ.ವಿ.ಗಳಲ್ಲಿ ಅನೇಕದರಲ್ಲಿ ಉಪಗ್ರಹದ ರಿಸೀವರು ಒಳಗೇ ಇರುತ್ತದೆ. ತಿರುಪಿನ ಕೊರಳುಳ್ಳ ಕಿಂಡಿಯೊಂದಿದ್ದು, ಸೂಚನಾ ಪುಸ್ತಕದಲ್ಲಿ ‘ಡಿ.ವಿ.ಬಿ.-ಎಸ್2’ ಎಂದಿದ್ದರೆ ಬೇರೆ ಪೆಟ್ಟಿಗೆಯೇ ಬೇಕಾಗಿಲ್ಲ. ಅಂಗೈಯಗಲದ ಮಾಡ್ಯೂಲನ್ನು ತೂರಿಸುವ ‘ಸಿ.ಐ. ಪ್ಲಸ್’ ಎಂಬ ಸೀಳು ಪಕ್ಕದಲ್ಲಿಯೋ ಹಿಂದೆಯೋ ಇದೆಯೇ ಎಂಬುದನ್ನೂ ನೋಡಬೇಕು. ಫ್ರಾನ್ಸಿಗೆ ಹೋದಾಗ ಅಲ್ಲಿಯ ಮಾನ್ಯತೆಯುಳ್ಳ ಮಾಡ್ಯೂಲು ಮತ್ತು ಕಾರ್ಡು, ಇಟಲಿಗೆ ಹೋದಾಗ ಅಲ್ಲಿಯದು, ಟಿ.ವಿ. ಒಂದೇ.

ಟಿ.ವಿ. ಹಳೆಯದಾಗಿದ್ದು ಪೆಟ್ಟಿಗೆಯನ್ನು ಕೊಳ್ಳಲೇಬೇಕಾದರೆ ಪತ್ರದಲ್ಲಿ ಬರೆದ ಮೂರನ್ನು ನೋಡೋಣ. ಮೊದಲನೆಯದು ಅಗ್ಗವಾದ ಹಳೆಯ ಮಾದರಿ, ಎಚ್.ಡಿ. ಪ್ರಸಾರವನ್ನು ಹಿಡಿಯದು. ಎ.ಆರ್.ಡಿ.ಯು ಉಪಗ್ರಹದ ಹಳೆಯ ಎಸ್.ಡಿ. ಪ್ರಸಾರವನ್ನು 2025ರ ಜನವರಿಯಲ್ಲಿ ನಿಲ್ಲಿಸಿಬಿಟ್ಟಿತು. ಈ ಪೆಟ್ಟಿಗೆಯನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ.

ಎರಡನೆಯದಕ್ಕೆ ಸಿ.ಐ. ಪ್ಲಸ್ ಸೀಳಿದೆ, ಡಿ.ವಿ.ಬಿ.-ಎಸ್2 ಇದೆ, ಡೈಸೆಕ್ ಇದೆ, ಬೆಲೆ ನಡುವಿನದು. ಎಚ್.ಇ.ವಿ.ಸಿ. ಎಂಬ ಹೊಸ ಸಂಕೋಚನ ಕ್ರಮವನ್ನೂ ಅದು ಬಿಡಿಸಬಲ್ಲುದೇ ಎಂದು ಕೇಳಿ ಕೊಳ್ಳಿರಿ.

ಮೂರನೆಯದನ್ನು ಕುರಿತು ಅಂಗಡಿಯವರು ಹೆಚ್ಚು ಉತ್ಸಾಹದಿಂದ ಮಾತಾಡಿದರಂತೆ. ಯಾವ ದೇಶದ ಕಾರ್ಡೂ ಬೇಡ, ವರ್ಷಕ್ಕೆ ಇಷ್ಟು ಕೊಟ್ಟರೆ ಅಂತರ್ಜಾಲದ ಮೂಲಕ ಎಲ್ಲ ಬೀಗಗಳೂ ತೆರೆಯುತ್ತವೆ ಎಂದರಂತೆ. ಇದು ಯಾರೋ ಒಬ್ಬರ ಕಾರ್ಡಿನ ಕೀಲಿಯನ್ನು ಸಾವಿರಾರು ಜನಕ್ಕೆ ಮಾರುವ ವ್ಯಾಪಾರ. ಅಲ್ಲಿಯ ಕಾನೂನಿಗೆ ಇದು ಅಪರಾಧ. ಕಾನೂನಿನ ಮಾತು ಹಾಗಿರಲಿ, ಸತ್ಯಶುದ್ಧ ಕಾಯಕದ ಅನ್ನವುಣ್ಣುವ ಮನೆಯ ಪಡಸಾಲೆಯಲ್ಲಿ ಕದ್ದ ಕೀಲಿಯ ಪೆಟ್ಟಿಗೆಯನ್ನಿಟ್ಟು ಅದರ ಮುಂದೆ ಮಗಳನ್ನು ಕೂರಿಸುವುದು ನಮಗೆ ಒಪ್ಪಿಗೆಯಿಲ್ಲ. ಇಂಥ ಕೀಲಿ ಯಾವ ದಿನ ಬೇಕಾದರೂ ನಿಂತುಹೋಗುತ್ತದೆ. ಆಗ ಕೊಟ್ಟ ಹಣವನ್ನು ಕೇಳಲು ವಿಳಾಸವೂ ಇರುವುದಿಲ್ಲ.

ಡಿಶ್ಶನ್ನು ಎಲ್ಲಿ ಕೂರಿಸುವುದು ಎಂಬುದು ಪೆಟ್ಟಿಗೆಗಿಂತ ದೊಡ್ಡ ಪ್ರಶ್ನೆಯಾಗಬಹುದು. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಕೊರೆಯುವ ಮೊದಲು ಮಾಲೀಕರಿಂದ ಬರೆಹದ ಒಪ್ಪಿಗೆಯನ್ನು ಪಡೆಯಬೇಕು. ಬಾಲ್ಕನಿಯ ನೆಲದ ಮೇಲೆ ಭಾರದ ಕಲ್ಲಿಟ್ಟು ನಿಲ್ಲಿಸುವ ಕಾಲುಗಂಬವಾದರೆ ತಕರಾರು ಕಡಿಮೆ. ಈ ತಕರಾರು ಅಲ್ಲಿಯ ದೊಡ್ಡ ನ್ಯಾಯಾಲಯಗಳವರೆಗೂ ಹೋಗಿದೆ. ಜರ್ಮನಿಯಲ್ಲಿ ತುರ್ಕಿ ಮೂಲದ ಬಾಡಿಗೆದಾರರೊಬ್ಬರ ಡಿಶ್ಶಿನ ವಿಷಯ 1994ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯದ ಮುಂದೆ ಬಂದಾಗ, ಹುಟ್ಟಿದ ನಾಡಿನ ಕಾರ್ಯಕ್ರಮಗಳನ್ನು ನೋಡಬೇಕೆಂಬ ಅವರ ಹಕ್ಕನ್ನೂ ಮಾಲೀಕರ ಹಕ್ಕಿನೊಡನೆ ತೂಗಿ ನೋಡಬೇಕೆಂದು ನ್ಯಾಯಾಲಯ ಹೇಳಿತು. ಸ್ವೀಡನ್ನಿನ ಸ್ಟಾಕ್‌ಹೋಮಿನ ಬಳಿ ಇರಾಕ್ ಮೂಲದ ಕುಟುಂಬವೊಂದು ಡಿಶ್ ತೆಗೆಯಲು ಒಪ್ಪದೆ ಮನೆಯನ್ನೇ ಬಿಡಬೇಕಾಯಿತು. ಮೂರು ಮಕ್ಕಳಿರುವ ಆ ಮನೆಯವರಿಗೆ ತಮ್ಮ ಭಾಷೆ, ಸಂಸ್ಕೃತಿಗಳ ನಂಟು ಬೇಕೆನ್ನಿಸುವುದು ಸಹಜವೆಂದು ಹೇಳಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಸೋದರಿ ಇದನ್ನು ಮಾಲೀಕರೊಡನೆ ಜಗಳಕ್ಕೆ ಬಳಸಲಿ ಎಂದು ನಾವು ಬರೆಯುತ್ತಿಲ್ಲ. ಒಂದು ಮನೆಗೆ ತನ್ನ ಮಾತಿನ ಬೆಲೆ ಎಷ್ಟೆಂಬುದನ್ನು ಅಳೆಯಲು ನ್ಯಾಯಾಧೀಶರೂ ಕುಳಿತಿದ್ದರೆಂಬುದು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಅತ್ತೆಯವರ ಮಾತಿಗೆ ಬರೋಣ. ಈ ಡಿಶ್ಶನ್ನು ಕನ್ನಡಕ್ಕಾಗಿ ಕೊಳ್ಳಬೇಡಿರಿ. ಕನ್ನಡದ ಸುದ್ದಿ, ಪ್ರವಚನ, ವಚನ ಗಾಯನಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಆ ಕೆಲಸಕ್ಕೆ ಫೋನು ಅಥವಾ ಟಿ.ವಿ.ಗೆ ಸಿಕ್ಕಿಸುವ ಚಿಕ್ಕ ಕಡ್ಡಿ ಸಾಕು. ಡಿಶ್ ಬೇಕಾಗಿರುವುದು ಎಂಟು ವರ್ಷದ ಮಗಳಿಗೆ. 19.2 ಡಿಗ್ರಿಯಿಂದ ಉಚಿತವಾಗಿ ಬರುವ ‘ಕೀಕಾ’ ಎಂಬ ಮಕ್ಕಳ ವಾಹಿನಿಯಲ್ಲಿ ‘ಲೋಗೋ’ ಎಂಬ ಮಕ್ಕಳ ವಾರ್ತೆ ಇದೆ, ಜೆಡ್.ಡಿ.ಎಫ್. ಇದನ್ನು 1989ರಲ್ಲಿ ಆರಂಭಿಸಿತು. ಸರಳವಾದ ವಾಕ್ಯಗಳು, ಜೊತೆಗೆ ಚಿತ್ರಗಳು. ಶಾಲೆಯಲ್ಲಿ ಇತರ ಮಕ್ಕಳು ಯಾವುದನ್ನು ಕುರಿತು ಮಾತಾಡುತ್ತಾರೋ ಅದನ್ನೇ ಅವಳು ಮನೆಯಲ್ಲಿ ಕೇಳಿರುತ್ತಾಳೆ. ಮುಂದೆ ತುಲೂಸಿನಲ್ಲಿ ‘ಗುಲ್ಲಿ’, ಟ್ಯೂರಿನ್ನಿನಲ್ಲಿ ‘ರಾಯ್ ಯೋಯೋ’ ಇದೇ ಕೆಲಸವನ್ನು ಮಾಡಿಯಾವು. ಆ ವಾರ್ತೆಯ ಹೊತ್ತಿಗೆ ಅತ್ತೆಯವರನ್ನೂ ಮೊಮ್ಮಗಳ ಪಕ್ಕದಲ್ಲಿ ಕೂರಿಸಿ, ಕೇಳಿದುದನ್ನು ಅವಳು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಮೊದಲ ತಿಂಗಳು ಅರ್ಧದಷ್ಟು ಕಲ್ಪನೆಯೇ ಇರುತ್ತದೆ. ಅಜ್ಜಿಗೆ ಅದರಿಂದ ಯಾವ ನಷ್ಟವೂ ಇಲ್ಲ.

ಮತ್ತೊಂದು ಸಂಗತಿ, ಮರೆಯುವ ಮೊದಲು. ಮಾರ್ಚಿನ ಆರಂಭದಲ್ಲಿಯೂ ಅಕ್ಟೋಬರಿನಲ್ಲಿಯೂ ಕೆಲವು ದಿನ ಹಗಲಿನಲ್ಲಿ ಸೂರ್ಯನು ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆಗ ಹಲವು ನಿಮಿಷ ಚಿತ್ರವು ಚೂರುಚೂರಾಗಿ ಒಡೆಯಬಹುದು, ನಿಂತೂ ಹೋಗಬಹುದು. ಪೆಟ್ಟಿಗೆ ಕೆಟ್ಟಿತೆಂದು ಅಂಗಡಿಗೆ ಒಯ್ಯಬೇಡಿರಿ, ಡಿಶ್ಶನ್ನೂ ಅಲುಗಿಸಬೇಡಿರಿ. ಸೂರ್ಯ ಸರಿದ ಮೇಲೆ ತಾನಾಗಿಯೇ ಬರುತ್ತದೆ.