ಗರ್ಭಕೋಶದ ಶಸ್ತ್ರಚಿಕಿತ್ಸೆ: ಅವಸರವೇಕೆ?

ಬಿಳಿಸೆರಗು, ಸೊಂಟನೋವು ಎಂದು ಆಸ್ಪತ್ರೆಗೆ ಹೋದ ತಾಯಂದಿರಲ್ಲಿ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆಯುವ ದಂಧೆ ಕಲಬುರಗಿ ಸೀಮೆಗೆ ಹೊಸತಲ್ಲ. ಕಳೆದ ದಶಕದಲ್ಲಿ ಅಲ್ಲಿನ ಲಂಬಾಣಿ ತಾಂಡಾಗಳ ಮಹಿಳೆಯರು ಇದರ ವಿರುದ್ಧ ಬೀದಿಗಿಳಿದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಪಾಡೂ ಬಯಲಾಯಿತು. ಒಂದು ದಿನ ಕೆಲಸ ತಪ್ಪಿದರೆ ಅವರಿಗೆ ದಂಡ! 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೊಳಿಸಲು ರಾಜ್ಯಗಳಿಗೆ ಆದೇಶಿಸಿತು. ಆದೇಶ ಹಳ್ಳಿಯ ತಾಯಿಯ ಕಿವಿಗೆ ಮುಟ್ಟಿದೆಯೇ?

ಸೋಂಕಿನಿಂದ ಬರುವ ಬಿಳಿಸೆರಗು ಮಾತ್ರೆಗಳಿಂದಲೇ ಗುಣವಾಗುವುದು. ಅತಿಸ್ರಾವಕ್ಕೂ ಮೊದಲು ಔಷಧೋಪಚಾರವುಂಟು. ಕ್ಯಾನ್ಸರ್‌ನಂತಹ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಜೀವ ಉಳಿಸುವುದೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಎಳೆಯ ವಯಸ್ಸಿನಲ್ಲೇ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಅಕಾಲದಲ್ಲಿ ನಿಂತು, ಮೂಳೆ ಸವೆದು, ಹೃದ್ರೋಗದ ಅಪಾಯ ಹೆಚ್ಚುತ್ತದೆ. ದುಡಿದು ಉಣ್ಣುವ ದೇಹಕ್ಕೆ ಇದು ಸಣ್ಣ ನಷ್ಟವಲ್ಲ.

ವೈದ್ಯ ಸಂಗಣ್ಣನನ್ನು ಶರಣರ ಸಾಲಿನಲ್ಲಿ ನೆನೆಯುವ ನಮಗೆ ವೈದ್ಯವೃತ್ತಿಯೂ ಕಾಯಕವೇ; ವೈದ್ಯರನ್ನು ಪ್ರಶ್ನಿಸುವುದು ಅಗೌರವವಲ್ಲ. ಪ್ರಾಣಾಪಾಯದ ತುರ್ತಿಲ್ಲದಿದ್ದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸದ್ಭಕ್ತರು ಸ್ಕ್ಯಾನಿಂಗ್ ವರದಿಯನ್ನು ಪಡೆದು, ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನೂ ಒಮ್ಮೆ ಕಾಣಬೇಕು. ಈ ಮಾತನ್ನು ಅಕ್ಕನ ಬಳಗದ ತಾಯಂದಿರು ಮನೆಮನೆಗೆ ತಲುಪಿಸಬೇಕೆಂದು ಕೋರುತ್ತೇವೆ.