ತಲೆಗೆ ಬೇಕಾದುದು ವೇಷವಲ್ಲ, ರಕ್ಷೆ

ಲಾಂಛನ ಧರಿಸಿದ ಮಾತ್ರಕ್ಕೆ ಯಾರೂ ಶರಣರಾಗುವುದಿಲ್ಲ. ಅದಕ್ಕೆ ತಕ್ಕ ಆಚಾರವೂ ಇರಬೇಕು. ಈ ಮಾತು ಬೈಕ್ ಸವಾರರ ಹೆಲ್ಮೆಟ್ಟಿಗೂ ಸಲ್ಲುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಇಂದು ಸಂತೆಗೆ, ಹೊಲಕ್ಕೆ, ಜಾತ್ರೆಗೆ, ಆಸ್ಪತ್ರೆಗೆ ಬೈಕೇ ಆಧಾರ. ಹೆಲ್ಮೆಟ್ಟುಗಳೂ ಕಾಣುತ್ತಿವೆ. ಆದರೆ ಅನೇಕರ ಪಾಲಿಗೆ ಅದು ಪೊಲೀಸರಿಗೆ ತೋರಿಸುವ ವೇಷವಾಗಿದೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ತೆಳು ಪ್ಲಾಸ್ಟಿಕ್ ಟೋಪಿ ಕೊಂಡು, ಪಟ್ಟಿ ಬಿಗಿಯದೆ, ಠಾಣೆ ದಾಟಿದೊಡನೆ ಕನ್ನಡಿಗೆ ತಗುಲಿಹಾಕಿದರೆ ವಂಚನೆಯಾಗುವುದು ಯಾರಿಗೆ?

ಒಳ್ಳೆಯ ಹೆಲ್ಮೆಟ್ಟಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ದಪ್ಪ ಥರ್ಮೊಕೋಲ್ ತಾನು ನಜ್ಜುಗುಜ್ಜಾಗಿ ಮಿದುಳಿನ ಏಟನ್ನು ತಗ್ಗಿಸುತ್ತದೆ. ಗದ್ದದ ಪಟ್ಟಿ ಅದು ಹಾರಿಹೋಗದಂತೆ ಹಿಡಿಯುತ್ತದೆ. ಇವೆಲ್ಲವನ್ನೂ ಪರೀಕ್ಷಿಸಲು ಭಾರತೀಯ ಮಾನಕ ಬ್ಯೂರೋ ಐಎಸ್ 4151 ಎಂಬ ಮಾನದಂಡವನ್ನು ಇಟ್ಟಿದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆ ಗುರುತನ್ನೇ ಕಳ್ಳತನದಿಂದ ಅಚ್ಚು ಹಾಕುವವರೂ ಉಂಟು. ಆದುದರಿಂದ ಗುರುತಿನ ಜೊತೆಗಿರುವ, ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ನೋಡಿರಿ. ಮೊಮ್ಮಕ್ಕಳ ಮೊಬೈಲಿನಲ್ಲಿ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ಗೆ ಆ ಸಂಖ್ಯೆ ಕೊಟ್ಟರೆ ಅಸಲು ನಕಲು ತಿಳಿಯುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬಾರದು.

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಂತೆ ಹೆಲ್ಮೆಟ್ ಕಡ್ಡಾಯ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಇದನ್ನು ಜಾರಿಗೆ ತರಲಾಯಿತು. ಆದರೂ ಗಂಡ ಹೆಲ್ಮೆಟ್ ಹಾಕಿ, ಹಿಂದೆ ಕುಳಿತ ಮಡದಿ ಸೆರಗು ಹೊದ್ದು ಹೋಗುವುದು ನಿತ್ಯದ ನೋಟ. ಅವಳ ತಲೆಗೆ ಬೆಲೆಯಿಲ್ಲವೆ? ಪೇಟ ಧರಿಸಿದ ಸಿಖ್ಖರಿಗೆ ಆ ಕಲಮಿನಲ್ಲಿ ವಿನಾಯಿತಿ ಉಂಟು. ನಮ್ಮ ಹಿರಿಯರ ರುಮಾಲಿಗೆ ಇಲ್ಲ. 2019ರಲ್ಲಿ ಕೇಂದ್ರದ ಕಾನೂನು 1000 ರೂಪಾಯಿ ದಂಡ ವಿಧಿಸಿತು. ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ದಂಡ ಇಳಿಯಿತೆಂದು ರಸ್ತೆಯ ಕಲ್ಲು ಮೆತ್ತಗಾಗಲಿಲ್ಲ.

ಪಾವಗಡದ ಬಿಸಿಲಿಗೆ ಹೆಲ್ಮೆಟ್ ಸೆಖೆ ಎಂಬುದು ಸುಳ್ಳಲ್ಲ. ಗಾಳಿಗಂಡಿಯುಳ್ಳ, ಗುರುತಿನ ಹೆಲ್ಮೆಟ್ ಆರಿಸಿಕೊಳ್ಳಿರಿ. ಬರಿದಲೆಯಲ್ಲಿ ಹೋಗುವುದು ಅದಕ್ಕೆ ಪರಿಹಾರವಲ್ಲ. ಇಲ್ಲೇ ಹೋಗಿಬರುವುದು ತಾನೆ ಎನ್ನುವರು. ಒಕ್ಕಣೆಗೆ ರಸ್ತೆಯಲ್ಲಿ ಹರಡಿದ ಹುರುಳಿಯ ಮೇಲೆ ಚಕ್ರ ಜಾರಲು ದೂರದ ಪ್ರಯಾಣವೇ ಬೇಕೆ? ಎಲ್ಲ ಹಣೆಬರಹ ಎನ್ನುವರು. ಬರಹವಿರುವ ಹಣೆಯನ್ನು ಕಾಯುವುದೂ ನಮ್ಮ ಹೊಣೆಯಲ್ಲವೆ? ತಲೆ ಗಟ್ಟಿಯೆಂದು ಬಂಡೆಗೆ ಹಾಯಬಾರದು ಎಂಬ ಗಾದೆಯನ್ನು ಮಧುಗಿರಿ ಬೆಟ್ಟದ ನೆರಳಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಹಿರಿಯರಲ್ಲಿ ನಮ್ಮ ಆಗ್ರಹ ಇಷ್ಟೆ. ಅಳಿಯನಿಗೋ ಮಗನಿಗೋ ಬೈಕ್ ಕೊಡಿಸುವಾಗ ಗುರುತು ನೋಡಿ ಎರಡು ಹೆಲ್ಮೆಟ್ ಕೊಡಿಸಿರಿ. ಪಟ್ಟಿ ಬಿಗಿದಿದ್ದಾನೆಯೇ ಎಂದು ನೋಡಿಯೇ ಹೊಸಿಲು ದಾಟಲು ಬಿಡಿರಿ. ಪೊಲೀಸರು ನಿಲ್ಲದ ದಾರಿಯಲ್ಲೂ ತಲೆ ಕಾಯ್ದುಕೊಳ್ಳುವವನೇ ನಿಜವಾದ ಆಚಾರವಂತ.