ಡಬ್ಬಿ ಮೇಲಿನ 25 ಮೆಗಾಪಿಕ್ಸೆಲ್

ಊರಲ್ಲಿರೋ ಅಮ್ಮನಿಗೆ ಮೊಮ್ಮಗಳ ಮುಖ ನೋಡೋ ಆಸೆ. ನನ್ನ ಹಳೇ ಡೆಸ್ಕ್‌ಟಾಪಿಗೆ ಕ್ಯಾಮೆರಾ ಇಲ್ಲ. (ಮೊಬೈಲ್ ಇಲ್ವಾ ಅಂತೀರಾ? ಮಗಳ ಕೈಗೆ ಅದನ್ನ ಕೊಟ್ಟರೆ ಅಮ್ಮನಿಗೆ ಕಾಣೋದು ನಮ್ಮನೆ ಫ್ಯಾನು!) ಸರಿ, ಎಸ್.ಪಿ. ರೋಡಿಗೆ ಹೋಗಿ ಅಗ್ಗದ ವೆಬ್‌ಕ್ಯಾಮ್ ತಂದೆ. ಡಬ್ಬಿ ಮೇಲೆ ದೊಡ್ಡದಾಗಿ '25 ಮೆಗಾಪಿಕ್ಸೆಲ್'.

ನನ್ನ ಉಬುಂಟು ಅದನ್ನ ಗುರುತೇ ಹಿಡೀಲಿಲ್ಲ. ಜೊತೆಗಿದ್ದ ಸಿ.ಡಿ. ಬರೀ ವಿಂಡೋಸಿಗೆ. ಗೆಳೆಯನ ಹಳೇ ವಿಂಡೋಸ್‌ನಲ್ಲಿ ಹಾಕಿ ನೋಡಿದರೆ ನಿಜವಾದ ಚಿತ್ರ 640×480, ಅಂದ್ರೆ ಅರ್ಧ ಮೆಗಾಪಿಕ್ಸೆಲ್ಲೂ ಇಲ್ಲ! ಮಿಕ್ಕಿದ್ದೆಲ್ಲ ಸಾಫ್ಟ್‌ವೇರ್ ಊಹೆ ಮಾಡಿ ತುಂಬಿಸೋ ಚುಕ್ಕಿಗಳು. ಇದನ್ನ ಮೋಸ ಅನ್ನದೆ ಇನ್ನೇನನ್ನಲಿ? ಅಂಗಡಿಯವನು ವಾಪಸ್ಸೂ ತಗೊಳ್ಳಲಿಲ್ಲ.

ನೀವು ಕೊಳ್ಳೋದಾದರೆ ಮೆಗಾಪಿಕ್ಸೆಲ್ ಬಿಡಿ, 'ಯು.ವಿ.ಸಿ.' ಇದೆಯಾ ಕೇಳಿ. ಯು.ಎಸ್.ಬಿ. ಕ್ಯಾಮೆರಾಗಳೆಲ್ಲ ಒಂದೇ ಭಾಷೆ ಮಾತಾಡಲಿ ಅಂತ 2003ರಲ್ಲಿ ಬಂದ ಮಾನದಂಡ ಅದು. 2008ರ 2.6.26 ಕರ್ನೆಲ್‌ನಿಂದ ಲಿನಕ್ಸಿನೊಳಗೇ ಅದಕ್ಕೆ ಡ್ರೈವರ್ ಇದೆ, ಸಿ.ಡಿ. ಹಂಗೇ ಇಲ್ಲ. ಮನೆ ಮಾತುಕತೆಗೆ 720ಪಿ ಧಾರಾಳ ಸಾಕು.

ಹಾಂ, ಮೈಕ್ ಇರೋದನ್ನೇ ತಗೊಳ್ಳಿ. ಡೆಸ್ಕ್‌ಟಾಪಿಗೆ ಸಾಮಾನ್ಯವಾಗಿ ಅದೂ ಇರಲ್ಲ. ಎರಡನೇ ಕ್ಯಾಮೆರಾ ತಂದಾಗ ನನಗಿದು ಹೊಳೆದದ್ದು ಅಮ್ಮ ಆ ಕಡೆಯಿಂದ "ಮಾತಾಡೇ ಪುಟ್ಟಿ" ಅಂತ ಹತ್ತು ಸಲ ಕೂಗಿದ ಮೇಲೆ.